ಅಣ್ಣನ ತಂಡ, ನನ್ನ ತಂಡ

ಬೀದರಿನಲ್ಲಿ ಹುಟ್ಟಿ ಜಹೀರಾಬಾದಿಗೆ ಸೊಸೆಯಾಗಿ ಬಂದವಳು ನಾನು. ತವರಿಗೂ ಅತ್ತೆಯ ಮನೆಗೂ ನಡುವಣ ದಾರಿ ಸುಮಾರು 30 ಕಿಲೋಮೀಟರು. ರಾಜ್ಯಗಳು ಮಾತ್ರ ಎರಡು. ತಂಗಿಯನ್ನು ನಾರಾಯಣಖೇಡಕ್ಕೆ ಕೊಟ್ಟಿದೆ, ಮಗಳನ್ನು ತಾಂಡೂರಿಗೆ. ನಮ್ಮಂಥ ಕುಟುಂಬಗಳಿಗೆ ಗಡಿಯೆಂದರೆ ಅಂಗಡಿಯ ಫಲಕಗಳ ಲಿಪಿ ಬದಲಾಗುವ ಸ್ಥಳ, ಅಷ್ಟೇ. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಆ ಗಡಿ ಗೋಡೆಯೂ ಆಗಬಲ್ಲದೆಂದು ಅರಿತೆವು.

ಆ ವರ್ಷ ನಮ್ಮನ್ನು ಒಂದುಗೂಡಿಸಿದ್ದು, ಹೇಳಿದರೆ ನಗುವಿರಿ, ಕ್ರಿಕೆಟ್! ಬೇಸಿಗೆಯಲ್ಲಿ ನಡೆಯಬೇಕಿದ್ದ ಐಪಿಎಲ್ ಪಂದ್ಯಾವಳಿಯು ಸೆಪ್ಟೆಂಬರ್ 19ರಿಂದ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನಡೆಯಿತು. ಪ್ರೇಕ್ಷಕರ ಆಸನಗಳೆಲ್ಲ ಖಾಲಿ. ಆಟಗಾರರಿಗೆ ಹೋಟೆಲು ಮತ್ತು ಮೈದಾನವೆರಡೇ ಲೋಕ. "ಜನ ಸಾಯುತ್ತಿರುವಾಗ ಆಟವೇಕೆ?" ಎಂದು ಮೊದಲು ಮುನಿದವಳು ನಾನೇ. ಆದರೆ ಸಂಜೆಯಾದೊಡನೆ ನಾಲ್ಕು ಮನೆಗಳಲ್ಲೂ ಟಿ.ವಿ. ಹಚ್ಚುತ್ತಿದ್ದೆವು. ಫೋನಿನಲ್ಲಿ ಆಟದಿಂದ ಆರಂಭವಾದ ಮಾತು ಜ್ವರ, ಕೆಮ್ಮು, ಅವ್ವನ ಮೊಣಕಾಲಿನ ನೋವಿನವರೆಗೆ ಸಾಗುತ್ತಿತ್ತು. ಆರೋಗ್ಯವೇ ಎಂದು ನೇರವಾಗಿ ಕೇಳಲು ಅಂಜಿಕೆಯಾಗುತ್ತಿದ್ದ ದಿನಗಳವು. ಸ್ಕೋರು ಕೇಳುವುದು ಸುಲಭವಾಗಿತ್ತು.

ಅಣ್ಣನದು ಬೆಂಗಳೂರು ತಂಡ. ನನ್ನದು, ಸೇರಿದ ಮನೆಯ ಋಣವೆಂಬಂತೆ, ಹೈದರಾಬಾದು. ನವೆಂಬರ್ 6ರಂದು ಅಬುಧಾಬಿಯಲ್ಲಿ ಎರಡೂ ತಂಡಗಳು ಎದುರಾದವು; ಸೋತವರು ಮನೆಗೆ. ಬೆಂಗಳೂರು ಗಳಿಸಿದ್ದು 131. ವಿಲಿಯಮ್ಸನ್ ತಾಳ್ಮೆಯಿಂದ ಅಜೇಯ 50 ಗಳಿಸಿ, ಎರಡು ಎಸೆತ ಉಳಿದಿರುವಾಗ ಹೈದರಾಬಾದಿಗೆ ಜಯ ತಂದರು. ಕೂಡಲೇ ಫೋನು ಬಂತು.

"ತಂಗಿ, ನಿಮ್ ಹೈದರಾಬಾದ್ ಗೆದ್ದದಂತ ಭಾಳ ಬೀಗಬ್ಯಾಡ. ಮುಂದಿನ ವರ್ಷ ನೋಡು!"

ಎರಡೇ ದಿನಗಳಲ್ಲಿ ದೆಹಲಿಗೆ ಸೋತು ನಮ್ಮ ತಂಡವೂ ಮನೆ ಸೇರಿತು. ಅಣ್ಣ ಮತ್ತೆ ಫೋನು ಮಾಡಿ, ಏನೂ ಹೇಳದೆ ಬರಿದೆ ನಕ್ಕ.

ಮುಂದಿನ ವರ್ಷ ಪಂದ್ಯಾವಳಿ ಭಾರತದಲ್ಲೇ ಆರಂಭವಾಯಿತು. ಎರಡನೆಯ ಅಲೆಯೂ ಬಂತು. ಆಟಗಾರರಿಗೇ ಸೋಂಕು ತಗುಲಿ, 2021ರ ಮೇ 4ರಂದು ಪಂದ್ಯಗಳನ್ನು ನಿಲ್ಲಿಸಿದರು. ಅದು ನಮಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ. ಆಗ ಅಣ್ಣ ಆಸ್ಪತ್ರೆಯಲ್ಲಿದ್ದ. ಅದೇ ವಾರ ತೀರಿಕೊಂಡ. ಮುಖ ನೋಡಲಿಕ್ಕೂ ನಾವು ಹೋಗಲಾಗಲಿಲ್ಲ. ಸೆಪ್ಟೆಂಬರಿನಲ್ಲಿ ಉಳಿದ ಪಂದ್ಯಗಳು ಮತ್ತೆ ಎಮಿರೇಟ್ಸ್‌ನಲ್ಲಿ ನಡೆದಾಗ ನಮ್ಮ ನಾಲ್ಕು ಮನೆಗಳಲ್ಲಿ ಯಾರೂ ಟಿ.ವಿ. ಹಚ್ಚಲಿಲ್ಲ.

ಇಂಥದೇ ಒಂದು ಪ್ರಸಂಗವನ್ನು ಆಮೇಲೆ ಓದಿದೆ. 1919ರಲ್ಲಿ, ಸ್ಪ್ಯಾನಿಷ್ ಫ್ಲೂ ಕಾಲದಲ್ಲಿ, ಅಮೆರಿಕದ ಸಿಯಾಟಲ್ ನಗರದಲ್ಲಿ ಮಂಜುಗಡ್ಡೆಯ ಮೇಲಾಡುವ ಹಾಕಿಯ ಸ್ಟಾನ್ಲಿ ಕಪ್ ಸರಣಿ ನಡೆದಿತ್ತು. ಸಿಯಾಟಲ್ ಮತ್ತು ಕೆನಡಾದ ಮಾಂಟ್ರಿಯಲ್ ತಂಡಗಳು ಎರಡೆರಡು ಪಂದ್ಯ ಗೆದ್ದು, ಒಂದು ಸಮವಾಗಿತ್ತು. ಏಪ್ರಿಲ್ 1ರ ನಿರ್ಣಾಯಕ ಪಂದ್ಯಕ್ಕೆ ಕೆಲವೇ ಗಂಟೆಗಳಿರುವಾಗ ಮಾಂಟ್ರಿಯಲ್‌ನ ಆಟಗಾರರು ಹಾಸಿಗೆ ಹಿಡಿದರು. ಅವರ ವ್ಯವಸ್ಥಾಪಕರು ಕಪ್ಪನ್ನು ಬಿಟ್ಟುಕೊಡಲು ಸಿದ್ಧರಾದರು. ರೋಗಿಗಳಿಂದ ಗೆಲುವು ಪಡೆಯಲು ಸಿಯಾಟಲ್‌ನವರು ಒಪ್ಪಲಿಲ್ಲ. ನಾಲ್ಕು ದಿನಗಳಲ್ಲಿ ಜೋ ಹಾಲ್ ಎಂಬ ಆಟಗಾರ ತೀರಿಕೊಂಡರು. ಸರಣಿ ಪೂರ್ಣಗೊಳ್ಳಲಿಲ್ಲವೆಂದು ಮುಂದೆ ಆ ಕಪ್ಪಿನ ಮೇಲೆಯೇ ಕೆತ್ತಿಸಿ, ಎರಡೂ ತಂಡಗಳ ಹೆಸರನ್ನು ಬರೆಸಿದರು. ಅದನ್ನು ಓದಿದಂದು ನನಗೆ ತುಸು ಸಮಾಧಾನವಾಯಿತು. ಮುಗಿಯದೆ ಉಳಿದದ್ದನ್ನು ಮುಗಿಯಿತೆಂದು ಹೇಳಬೇಕಾಗಿಲ್ಲ.

2025ರ ಜೂನ್ 3ರ ರಾತ್ರಿ ಬೆಂಗಳೂರು ತಂಡ ಕಡೆಗೂ ಕಪ್ಪು ಗೆದ್ದಿತು, ಹದಿನೆಂಟನೆಯ ವರ್ಷಕ್ಕೆ. ಅಣ್ಣನ ಫೋನು ಈಗ ಅವನ ಮಗನ ಬಳಿಯಿದೆ. ಅಂದು ನಾನೇ ಕರೆ ಮಾಡಿದೆ.

"ಅತ್ತಿ, ಭಾಳ ಬೀಗಬೇಕಾಗ್ಯದ ಇವತ್ತ," ಎಂದ.

"ಬೀಗೋ ತಮ್ಮಾ," ಎಂದೆ. ಆಮೇಲೆ ಅವ್ವನ ಮೊಣಕಾಲಿನ ವಿಚಾರ ಕೇಳಿದೆ.