ನನ್ನ ನೋವಿಗೆ ಸಾಕ್ಷಿ ಬೇಕಿತ್ತು

ನರಪರೀಕ್ಷೆಯ ವರದಿಯಲ್ಲಿ ಏನಾದರೂ ತೊಂದರೆ ಕಾಣಲಿ ಎಂದು ನಾನು ಒಳಗೊಳಗೇ ಬೇಡಿಕೊಂಡಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತವರೆಲ್ಲ ಕಾಯಿಲೆ ಇಲ್ಲವೆಂದು ಬರಲಿ ಎಂದು ಕಾಯುತ್ತಿದ್ದಾಗ, ಇದೆ ಎಂದೇ ಬರಲಿ ಎಂದು ಕಾದವಳು ನಾನು. ಯಾಕೆ ಹಾಗೆ ಬಯಸಿದೆ ಎಂಬುದನ್ನು ಬಿಡಿಸಿ ನೋಡದೆ ನನಗೆ ಸಮಾಧಾನವಿಲ್ಲ.

ಬಲಗೈಗೆ ಜೋಮು ಹಿಡಿಯತೊಡಗಿದ್ದು ರಾತ್ರಿಗಳಲ್ಲಿ. ಬೆರಳುಗಳಲ್ಲಿ ಸೂಜಿ ಆಡಿಸಿದಂತಾಗಿ ಎಚ್ಚರವಾಗುತ್ತಿತ್ತು. ಎದ್ದು ಕೂತು ಕೈ ಕೊಡವಿದರೆ ತುಸು ಹೊತ್ತಿಗೆ ಸರಿಹೋಗುತ್ತಿತ್ತು. ಬರಬರುತ್ತ ಹಗಲಲ್ಲೂ ಕಾಡತೊಡಗಿತು. ಬೋರ್ಡಿನ ಮೇಲೆ ಬರೆಯುವಾಗ, ಸ್ಕೂಟರಿನ ಹ್ಯಾಂಡಲ್ ಹಿಡಿದಾಗ, ಕಾಯಿ ತುರಿಯುವಾಗ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ದಿನಗಳಲ್ಲಂತೂ ನೋವು ಮಣಿಕಟ್ಟಿನಿಂದ ಮೊಣಕೈಯವರೆಗೂ ಏರುತ್ತಿತ್ತು. ಊತವಿಲ್ಲ, ಗಾಯವಿಲ್ಲ. ತೋರಿಸೋಣವೆಂದರೆ ಏನೂ ಇಲ್ಲ. "ವಯಸ್ಸಾಯ್ತಲ್ಲ, ಬರ್ತಿರುತ್ತೆ ಬಿಡಿ ಮೇಡಂ" ಎಂದರು ಸ್ಟಾಫ್‌ರೂಮಿನಲ್ಲಿ. ಅತ್ತೆ ಎಣ್ಣೆ ಕಾಯಿಸಿ ತಂದುಕೊಟ್ಟರು. ಎಲ್ಲರೂ ನನ್ನ ಒಳ್ಳೆಯದನ್ನೇ ಬಯಸುವವರು. ಆದರೂ ಕಣ್ಣಿಗೆ ಕಾಣದ ಈ ನೋವನ್ನು ಹೇಳಿಕೊಳ್ಳುವಾಗ ನನ್ನ ದನಿ ಕ್ಷಮೆ ಕೇಳುವವರ ದನಿಯಂತಾಗುತ್ತಿತ್ತು.

ನರರೋಗ ವೈದ್ಯರು ಮೊದಲು ವಿಚಾರಿಸಿದ್ದು ಬೆರಳುಗಳನ್ನು. "ಕಿರುಬೆರಳಿಗೂ ಜೋಮು ಬರುತ್ತಾ ಅಮ್ಮಾ?" ಅದುವರೆಗೆ ನಾನು ಗಮನಿಸಿರಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ, ಅಷ್ಟೇ. ಕಿರುಬೆರಳಿಗೆ ಏನೂ ಆಗಿರಲಿಲ್ಲ. ಅಷ್ಟರಿಂದಲೇ ಅವರಿಗೆ ದಾರಿ ಸಿಕ್ಕಿತ್ತು. ಅಂಗೈಯ ಬುಡದಲ್ಲಿ 8 ಸಣ್ಣ ಮೂಳೆಗಳು ಕಮಾನಾಗಿ ನಿಂತಿವೆ. ಅವುಗಳ ಮೇಲೆ ಗಟ್ಟಿಯಾದೊಂದು ಪಟ್ಟಿ. ಆ ಇಕ್ಕಟ್ಟಿನೊಳಗೆ ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ನರವೂ ಒಟ್ಟಿಗೆ ಹಾದುಹೋಗುತ್ತವೆ. ಒಳಗೆ ಊದಿಕೊಂಡರೆ ಹಿಗ್ಗಲು ಜಾಗವಿಲ್ಲ. ನಲುಗುವುದು ನರ. ನಿದ್ದೆಯಲ್ಲಿ ನಾವು ಅರಿಯದೆ ಮಣಿಕಟ್ಟು ಮಡಿಸುತ್ತೇವಾದ್ದರಿಂದ ಒತ್ತಡ ರಾತ್ರಿಯೇ ಹೆಚ್ಚು. ಇದೇ ಕಾರ್ಪಲ್ ಟನಲ್ ಸಿಂಡ್ರೋಮ್. ಗರ್ಭಿಣಿಯರಲ್ಲಿ, ಥೈರಾಯ್ಡ್ ಕಡಿಮೆ ಇರುವವರಲ್ಲಿ, ಸಕ್ಕರೆ ಕಾಯಿಲೆ ಮತ್ತು ಸಂಧಿವಾತ ಇರುವವರಲ್ಲಿ ಇದು ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಕಿರುಬೆರಳಿಗೆ ಜೋಮು ಬಂದಿದ್ದರೆ ಅವರು ಮೊಣಕೈಯ ಒಳಬದಿಯಲ್ಲಿ ಹಾಯುವ ಅಲ್ನಾರ್ ನರವನ್ನು ಅನುಮಾನಿಸುತ್ತಿದ್ದರಂತೆ. ಕುತ್ತಿಗೆ ತಿರುಗಿಸಿದಾಗ ನೋವು ತೋಳಿಗೆ ಇಳಿದಿದ್ದರೆ ಬೆನ್ನುಮೂಳೆಯಿಂದ ಹೊರಡುವ ನರದ ಬುಡವನ್ನು. ಮೊಣಕೈಯ ನರ ದಪ್ಪಗಾಗಿದೆಯೇ, ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆಗಳಿವೆಯೇ ಎಂದೂ ನೋಡಿದರು. ನಮ್ಮ ದೇಶದಲ್ಲಿ ಕುಷ್ಠ ಇನ್ನೂ ಇದೆ, ಅದು ಹಿಡಿಯುವುದು ನರಗಳನ್ನು, ಸರ್ಕಾರಿ ಆಸ್ಪತ್ರೆಗಳಲ್ಲಿ ಅದರ ಔಷಧ ಉಚಿತ.

ಆಮೇಲೆ ನರಪರೀಕ್ಷೆ. ಚರ್ಮದ ಮೇಲೆ ತಂತಿ ಅಂಟಿಸಿ ಸಣ್ಣಸಣ್ಣ ವಿದ್ಯುತ್ ಏಟು ಕೊಡುತ್ತಾರೆ. ಆರೋಗ್ಯವಂತ ನರ ಮುಂದೋಳಿನಲ್ಲಿ ಸೆಕೆಂಡಿಗೆ 50 ಮೀಟರ್‌ಗೂ ಮೀರಿದ ವೇಗದಲ್ಲಿ ಸಂದೇಶ ಒಯ್ಯುತ್ತದೆ. ನನ್ನದು ಮಣಿಕಟ್ಟಿಗೆ ಬಂದಾಗ ತಡವರಿಸುತ್ತಿತ್ತು. "ಇಲ್ಲಿ ನಿಧಾನ ಆಗ್ತಿದೆ ನೋಡಿ" ಎಂದು ಅವರು ಪರದೆ ತೋರಿಸಿದಾಗ ನನ್ನ ಕಣ್ಣು ತುಂಬಿಬಂತು. ಹೆದರಿ ಅತ್ತೆನೆಂದು ಅವರು ಸಮಾಧಾನ ಹೇಳಿದರು. ನಿಜವಾಗಿ ನನಗಾದದ್ದು ಬಿಡುಗಡೆ. ಮನೆಯಲ್ಲಿ ತೋರಿಸಲು ಒಂದು ಕಾಗದ ಸಿಕ್ಕಿತ್ತು.

ಹೊರಡುವ ಮುನ್ನ ಅವರು ಹೇಳಿದ ಮಾತೊಂದು ಇಂದಿಗೂ ಕೊರೆಯುತ್ತಿದೆ. ಆರಂಭದಲ್ಲಿ ಈ ಪರೀಕ್ಷೆ ಎಷ್ಟೋ ಜನರಿಗೆ ಸಹಜವಾಗಿಯೇ ಬರುತ್ತದಂತೆ, ಆದರೂ ಕಾಯಿಲೆ ಇರುತ್ತದಂತೆ. ನನಗೂ ಹಾಗೆ ಬಂದಿದ್ದರೆ? ಜೋಮು ಅಷ್ಟೇ ಇರುತ್ತಿತ್ತು, ನಿದ್ದೆ ಅಷ್ಟೇ ಕೆಡುತ್ತಿತ್ತು. ಆದರೆ ನಾನು ಮನೆಗೆ ಬಂದು, ಏನೂ ಇಲ್ಲವಂತೆ ಎಂದು ಹೇಳಿ, ಮಾತಿಲ್ಲದೆ ತುರಿಮಣೆಯ ಮುಂದೆ ಕೂರುತ್ತಿದ್ದೆ. ಅದರಲ್ಲಿ ನನಗೆ ಸಂಶಯವೇ ಇಲ್ಲ. ನನ್ನದೇ ಕೈ ರಾತ್ರಿರಾತ್ರಿ ಕೂಗಿ ಹೇಳಿದ್ದಕ್ಕೆ ಇಲ್ಲದ ಬೆಲೆ ಒಂದು ಹಾಳೆಗೆ ಇತ್ತು. ದಣಿವಾಗಿದೆ ಎನ್ನಲು, ಕೂರುತ್ತೇನೆ ಎನ್ನಲು ಪರರ ಒಪ್ಪಿಗೆ ಬೇಕು ಎಂಬುದು ನನ್ನಲ್ಲಿ ಯಾವಾಗ ಬೇರೂರಿತು?

ಉತ್ತರ ಹುಡುಕಿದಾಗೆಲ್ಲ ಅಮ್ಮ ಕಣ್ಣಮುಂದೆ ಬರುತ್ತಾಳೆ. ಅಡಿಕೆ ಕೊಯ್ಲಿನ ಕಾಲಕ್ಕೆ ಹಗಲೆಲ್ಲ ಮನೆಗೆಲಸ, ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವುದು. ಮಲಗಿದ ಮೇಲೆ ಬಲಗೈಯನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಅಲ್ಲಾಡಿಸುತ್ತಿದ್ದಳು. ನಾವು ಮಕ್ಕಳು ಅದನ್ನು ಅವಳ ಮಲಗುವ ರೀತಿ ಎಂದುಕೊಂಡಿದ್ದೆವು. ನಮ್ಮ ಮನೆಯಲ್ಲಿ ಹೆಂಗಸೊಬ್ಬಳು ಹಗಲಲ್ಲಿ ಮಲಗಬೇಕಾದರೆ ಹಣೆ ಮುಟ್ಟಿದವರ ಕೈ ಸುಡಬೇಕಿತ್ತು. ಅದಕ್ಕಿಂತ ಕಡಿಮೆಯದನ್ನು ಅವಳು ಬಾಯಿಬಿಟ್ಟು ಹೇಳಲೇ ಇಲ್ಲ. ಬೋಸ್ಟನ್ನಿನ ನರವೈದ್ಯ ಜೇಮ್ಸ್ ಜಾಕ್ಸನ್ ಪಟ್ನಮ್ 1880ರಲ್ಲೇ ಇಂಥ ರೋಗಿಗಳ ಬಗ್ಗೆ ಬರೆದಿದ್ದಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ರಾತ್ರಿ ಕೈ ಜೋಮು ಹಿಡಿದು, ಮಂಚದಿಂದ ಇಳಿಬಿಟ್ಟರೆ ಅಥವಾ ಕೊಡವಿದರೆ ಕಡಿಮೆಯಾಗುತ್ತಿತ್ತು ಎಂಬುದೂ ಅದರಲ್ಲಿದೆ. ನಮ್ಮಮ್ಮ ಹುಟ್ಟುವ ಎಷ್ಟೋ ಮೊದಲೇ ಅವಳ ನೋವಿನ ವಿವರ ದಾಖಲಾಗಿತ್ತು. ಅವಳನ್ನು ಕೇಳಿದವರು ಮಾತ್ರ ಯಾರೂ ಇರಲಿಲ್ಲ.

ಚಿಕಿತ್ಸೆ ನಾನು ಹೆದರಿದಷ್ಟು ದೊಡ್ಡದಾಗಿರಲಿಲ್ಲ. ರಾತ್ರಿ ಮಣಿಕಟ್ಟು ನೇರವಾಗಿ ನಿಲ್ಲುವಂತೆ ಸ್ಪ್ಲಿಂಟ್ ಕಟ್ಟಿಕೊಂಡು ಮಲಗುವುದು. ಅದನ್ನು ಕೆಲವು ವಾರ ಬಿಡದೆ ಮಾಡಬೇಕು. ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿದರು. ಸ್ಪ್ಲಿಂಟ್‌ನಿಂದ ತಗ್ಗದಿದ್ದವರಿಗೆ ಮಣಿಕಟ್ಟಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಕೆಲವರಿಗೆ ಅದರ ಗುಣ ತಿಂಗಳುಗಟ್ಟಲೆ ಇರುತ್ತದೆ, ಕೆಲವರಿಗೆ ನೋವು ಮರಳುತ್ತದೆ. ಜೋಮು ಬಿಡದೆ ನಿಂತರೆ ಆ ಗಟ್ಟಿ ಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡುವ ಶಸ್ತ್ರಚಿಕಿತ್ಸೆ ಇದೆ. ಕೈಯಷ್ಟನ್ನೇ ಮರಗಟ್ಟಿಸಿ ಮಾಡಿ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನರದ ಮಾತ್ರೆ ಬಿ12 ಕೊರತೆ ಇದ್ದವರಿಗೆ ಬೇಕೇ ಬೇಕು, ಆದರೆ ಮಣಿಕಟ್ಟಿನ ಒತ್ತಡವನ್ನು ಅದು ಇಳಿಸುವುದಿಲ್ಲ. ಬಿ6 ಅನ್ನು ಹೆಚ್ಚು ಪ್ರಮಾಣದಲ್ಲಿ ಬಹುಕಾಲ ನುಂಗಿದರೆ ಅದೇ ನರಗಳನ್ನು ಕೆಡಿಸುತ್ತದೆ.

ನನಗೆ ಸ್ಪ್ಲಿಂಟ್‌ನಿಂದಲೇ ಬಹುಪಾಲು ವಾಸಿಯಾಯಿತು. ಕಾಯಿ ತುರಿಯುವುದು, ಬಟ್ಟೆ ಹಿಂಡುವುದು ಈಗ ಮನೆಯವರ ಪಾಲಿನ ಕೆಲಸ. ಅದನ್ನು ಬಾಯಿಬಿಟ್ಟು ಕೇಳಲು ನಾನು ಇನ್ನೂ ಹೆಣಗಬೇಕಾಗುತ್ತದೆ.

ಅಮ್ಮನ ಬಲಗೈಯನ್ನು ಮೊನ್ನೆ ನನ್ನ ಕೈಯಲ್ಲಿಟ್ಟುಕೊಂಡು ನೋಡಿದೆ. ಹೆಬ್ಬೆರಳಿನ ಬುಡದ ಮಾಂಸ ಕರಗಿ ಚಪ್ಪಟೆಯಾಗಿದೆ. ರವಿಕೆಯ ಹುಕ್ಕು ಹಾಕಿಕೊಳ್ಳಲು ಅವಳಿಗೆ ಆಗುವುದಿಲ್ಲ.

ನಿಮ್ಮ ಮನೆಯಲ್ಲಿ ರಾತ್ರಿ ಎದ್ದು ಕೈ ಕೊಡವುವವರಿದ್ದರೆ ಯಾವ ಬೆರಳಿಗೆ ಜೋಮು ಎಂದು ಕೇಳಿ. ಅವರು ಹೇಳಿದ್ದನ್ನು ಅಲ್ಲೇ ನಂಬಿ, ವರದಿ ಬರುವವರೆಗೆ ಕಾಯಬೇಡಿ. ಹೆಬ್ಬೆರಳಿನ ಬುಡ ಸೊರಗುವ ಮೊದಲೇ ವೈದ್ಯರ ಬಳಿ ಕರೆದೊಯ್ಯಿರಿ. ಸೊರಗಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿದರೂ ಆ ಸ್ನಾಯು ಪೂರ್ತಿ ಮರಳಿ ಬರುವುದು ಕಷ್ಟ.