ನುಡಿಯೇ ನಡೆಯಾಗುವಲ್ಲಿ

ಗಣಕಯಂತ್ರದ ಬಣ್ಣದ ಚಿತ್ರಗಳ ಹಿಂದೆ ಅಕ್ಷರಗಳನ್ನಷ್ಟೇ ಬಲ್ಲ ಒಂದು ಕಪ್ಪು ಕಿಟಕಿಯಿದೆ. ಅಲ್ಲಿ ಬರೆದ ಆಜ್ಞೆಯನ್ನು ಓದಿ ಯಂತ್ರದಿಂದ ಮಾಡಿಸುವ ತಂತ್ರಾಂಶಕ್ಕೆ ಶೆಲ್ ಎಂದು ಹೆಸರು. ಕಾವ್ಯದಲ್ಲಿ ‘ಸುಡು’ ಎಂದರೆ ಏನೂ ಸುಡುವುದಿಲ್ಲ. ಶೆಲ್‌ನಲ್ಲಿ ‘ಅಳಿಸು’ ಎಂದರೆ ಅಳಿದೇ ಹೋಗುತ್ತದೆ. ಹೀಗೆ ನುಡಿಯೇ ನಡೆಯಾಗುವ ಎಡೆಯಲ್ಲಿ ಯಾರಿಗೆ ಎಷ್ಟು ನುಡಿಯಲು ಬಿಡಬೇಕೆಂಬ ಪ್ರಶ್ನೆ ಭಾಷೆಯನ್ನು ಓದುವವರಿಗೂ ಸೇರಿದ್ದು.

2014ರ ಸೆಪ್ಟೆಂಬರಿನಲ್ಲಿ ಸ್ಟೆಫಾನ್ ಶಾಜೆಲಾಸ್ ಎಂಬವರು ಬ್ಯಾಷ್ ಎಂಬ ಶೆಲ್‌ನಲ್ಲಿ ಒಂದು ದೋಷವನ್ನು ಕಂಡರು. ‘ಶೆಲ್‌ಶಾಕ್’ ಎಂದು ಹೆಸರಾದ ಆ ದೋಷ ಸುಮಾರು 25 ವರ್ಷ ಅಲ್ಲಿಯೇ ಅಡಗಿತ್ತು. ಅದನ್ನು ವ್ಯಾಕರಣದ ದೋಷವೆಂದರೂ ಸಲ್ಲುತ್ತದೆ. ಹೊರಗಿನಿಂದ ಬಂದ ಪಠ್ಯದಲ್ಲಿ ಒಂದು ವ್ಯಾಖ್ಯೆಯಿದ್ದರೆ ಬ್ಯಾಷ್ ಅದನ್ನು ಓದಿಕೊಳ್ಳುತ್ತಿತ್ತು. ವ್ಯಾಖ್ಯೆ ಮುಗಿದ ಮೇಲೂ ನಿಲ್ಲದೆ, ಅದರ ಬೆನ್ನಿಗೆ ಅಂಟಿಸಿದ ಮಾತನ್ನು ಆಜ್ಞೆಯೆಂದು ನಡೆಸಿಬಿಡುತ್ತಿತ್ತು. ಬ್ಯಾಷ್ ನೆರವಿನಿಂದ ನಡೆಯುವ ಜಾಲತಾಣಕ್ಕೆ ಬಂದವನು, ತನ್ನ ಬ್ರೌಸರಿನ ಹೆಸರಿರಬೇಕಾದ ಜಾಗದಲ್ಲಿ ಅಂಥ ಸಾಲೊಂದನ್ನಿಟ್ಟು ದೂರದ ಯಂತ್ರವನ್ನು ಆಳಬಹುದಾಗಿತ್ತು. ಡೆಬಿಯನ್, ಉಬುಂಟು ವ್ಯವಸ್ಥೆಗಳು ಒಳಗೆಲಸಗಳಿಗೆ ಡ್ಯಾಷ್ ಎಂಬ ಚಿಕ್ಕ ಶೆಲ್ಲನ್ನು ನೇಮಿಸಿಕೊಂಡಿದ್ದರಿಂದ ಅಲ್ಲಿ ಅಪಾಯ ಕಡಿಮೆಯಾಯಿತು.

ಸೋಲಾಪುರ ಸೀಮೆಯ ಹಳೆಯ ವಾಡೆಗಳ ಹೆಬ್ಬಾಗಿಲಿನಲ್ಲಿ ಒಬ್ಬರು ತಲೆಬಾಗಿ ನುಸುಳುವಷ್ಟು ಚಿಕ್ಕ ದಿಡ್ಡಿ ಬಾಗಿಲಿರುತ್ತದೆ. ದಿನದ ಓಡಾಟಕ್ಕೆ ಅದು ಸಾಕು. ಗಣಕದ ಕಾವಲಿಗೂ ಇದೇ ನೀತಿ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕೆಂಬ ತತ್ತ್ವವನ್ನು ಸಾಲ್ಟ್‌ಜರ್ ಮತ್ತು ಶ್ರೋಡರ್ 1975ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರು. ಜಾಲತಾಣವನ್ನು ನಡೆಸುವ ಖಾತೆಗೆ ಶೆಲ್‌ನ ಬದಲು ‘ನೊಲಾಗಿನ್’ ಎಂದು ನಮೂದಿಸಿದರೆ, ಆ ಹೆಸರಿನಲ್ಲಿ ಒಳಬರಲು ಯತ್ನಿಸಿದವರಿಗೆ ಖಾತೆ ಲಭ್ಯವಿಲ್ಲವೆಂಬ ಉತ್ತರವಷ್ಟೇ ದೊರೆಯುತ್ತದೆ. ಆಡಳಿತದ ಕೆಲಸ ಮಾಡುವವರಿಗೆ ‘ಸುಡೊ’ ಮೂಲಕ ಆಯ್ದ ಆಜ್ಞೆಗಳನ್ನು ಮಾತ್ರ ಒಪ್ಪಿಸಬಹುದು. ಯಾರು ಯಾವುದನ್ನು ನಡೆಸಿದರೆಂಬುದು ದಾಖಲಾಗುತ್ತದೆ.

ಯಾವ ಬಾಗಿಲೂ ಒಂಟಿಯಾಗಿ ಸಾಲದು. ‘ಆರ್‌ಬ್ಯಾಷ್’ ಎಂಬ ನಿರ್ಬಂಧಿತ ಶೆಲ್ ಬಳಕೆದಾರನನ್ನು ಒಂದೇ ಕಡತಕೋಶದಲ್ಲಿ ಕೂರಿಸುತ್ತದೆ. ಆದರೆ ಅವನ ಕೈಗೆ ವಿಐ ಎಂಬ ಬರಹದ ತಂತ್ರಾಂಶವನ್ನು ಕೊಟ್ಟರೆ ಅದರೊಳಗಿಂದಲೇ ಪೂರ್ಣ ಶೆಲ್ಲನ್ನು ತೆರೆದುಕೊಳ್ಳಬಲ್ಲ. ಆದ್ದರಿಂದ ಕೊಡುವ ಪ್ರತಿಯೊಂದು ಸಲಕರಣೆಯನ್ನೂ ಅಳೆದು ಕೊಡಬೇಕು.

ಇಂಥ ಮಿತಿಯನ್ನು ಅಪನಂಬಿಕೆಯೆಂದು ನೊಂದುಕೊಳ್ಳುವವರಿದ್ದಾರೆ. ಮನುಷ್ಯರು ದನಿಯಿಂದ ಪರಸ್ಪರ ಗುರುತಿಸುತ್ತಾರೆ. ಶೆಲ್‌ಗೆ ದನಿ ಕೇಳಿಸದು. ಕದ್ದ ಗುಪ್ತಪದದಿಂದ ಒಳಬಂದವನ ಕೇಡೆಲ್ಲ ಪ್ರಾಮಾಣಿಕನೊಬ್ಬನ ಹೆಸರಿನಲ್ಲಿಯೇ ದಾಖಲಾಗುತ್ತದೆ. ಅಧಿಕಾರ ಕಿರಿದಾದಷ್ಟೂ ಆ ಹೆಸರಿನಲ್ಲಿ ನಡೆಯಬಹುದಾದ ಕೇಡೂ ಕಿರಿದು.