ನಡುಗುವುದು ಬೇರೆ, ತೂಗುವುದು ಬೇರೆ

ಪುಣೆಯ ಗ್ಯಾರೇಜುಗಳಲ್ಲಿ ಮೋಟಾರ್‌ಸೈಕಲ್ಲಿನ ಎಲ್ಲ ಬಗೆಯ ಅಸ್ಥಿರತೆಗೂ ಒಂದೇ ಮಾತು: ‘ಗಾಡಿ ಹಲತೇ’. ಮರಾಠಿಯಲ್ಲಿ ಬೇರೆ ಶಬ್ದಗಳಿಲ್ಲವೆಂದಲ್ಲ. ಜಾಬ್ ಕಾರ್ಡಿನಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗವಿರುವುದಿಲ್ಲ, ಮೆಕ್ಯಾನಿಕ್ಕಿಗೆ ಅದಕ್ಕಿಂತ ಹೆಚ್ಚು ಕೇಳುವ ಪುರಸೊತ್ತೂ ಇರುವುದಿಲ್ಲ. ನನ್ನ ಅಣ್ಣನ ಮಗ ಎರಡು ಗ್ಯಾರೇಜುಗಳಿಗೆ ಹೋಗಿ, ಎರಡೂ ಕಡೆ ಆ ಒಂದು ಸಾಲನ್ನು ಬರೆಸಿ, ಎರಡೂ ಕಡೆ ಹ್ಯಾಂಡಲಿನ ಕೋನ್ ಸೆಟ್ಟನ್ನು ಬಿಗಿ ಮಾಡಿಸಿಕೊಂಡು ಬಂದಿದ್ದ. ರೋಗ ಹೋಗಿರಲಿಲ್ಲ, ಹೆಚ್ಚಾಗಿತ್ತು.

ಹುಡುಗ ಹಿಂಜವಡಿಯಲ್ಲಿ ನೌಕರಿಯಲ್ಲಿದ್ದಾನೆ. ಕೈಬದಲಾದ 350 ಸಿಸಿ ಬೈಕೊಂದನ್ನು ಕೊಂಡು ತಿಂಗಳಿಗೊಮ್ಮೆ ಧಾರವಾಡಕ್ಕೆ ಹೋಗಿಬರುವುದು ಅವನ ರೂಢಿ. ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿಗಳನ್ನು ದಾಟಿ ಸುಮಾರು 420 ಕಿಲೋಮೀಟರಿನ ದಾರಿ. ಮರಳಿ ಬರುವಾಗ ಕರಾಡದ ಈಚೆಗೆ ಒಂದು ಕಂಟೇನರ್ ಲಾರಿಯನ್ನು ಹಿಂದಿಕ್ಕುವ ಗಳಿಗೆಯಲ್ಲಿ ಗಾಳಿ ಬಡಿದು, ಬೈಕು ಅರ್ಧ ಲೇನಿನಷ್ಟು ಅತ್ತಿತ್ತ ಹೊಯ್ದಾಡಿತಂತೆ. ಇದನ್ನು ಅವನು ನನಗೆ ಹೇಳಿದ್ದು ಎರಡು ತಿಂಗಳ ಮೇಲೆ. ಅವನ ತಾಯಿಗೆ, ಅಂದರೆ ನಮ್ಮ ವೈನಿಗೆ, ಹೇಳಿರಲೇ ಇಲ್ಲ. ಹೇಳಿದ್ದರೆ ಬೈಕೂ ಇರುತ್ತಿರಲಿಲ್ಲ, ತಿಂಗಳ ಭೆಟ್ಟಿಯೂ ಇರುತ್ತಿರಲಿಲ್ಲ. ವೈನಿ ಒಬ್ಬರೇ ಇರುವ ಮನೆ ಅದು.

ನಾನು ಪಿಂಪ್ರಿ-ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಯಂತ್ರಭಾಗಗಳ ತಪಾಸಣೆ ಮಾಡುತ್ತ ಮೂವತ್ತು ವರ್ಷ ಕಳೆದವನು. ಪಾನಾ ಹಿಡಿಯುವ ಮೊದಲು ಪ್ರಶ್ನೆ ಕೇಳುವುದು ಆ ಕೆಲಸ ಹಚ್ಚಿದ ಚಟ. ‘ಹ್ಯಾಂಡಲ್ ನಡಗ್ತದೇನೋ?’ ಎಂದು ಕೇಳಿದೆ.

‘ನಡಗೂದಿಲ್ಲ ಕಾಕಾ. ತೂಗ್ತದ. ಯಾರೋ ಹಿಂದ ಕೂತು ತೊಟ್ಲಾ ತೂಗಿದ್ಹಂಗ.’

ಎರಡು ಗ್ಯಾರೇಜುಗಳಿಗೆ ದಕ್ಕದ ಸಂಗತಿ ಈ ಮಾತಿನಲ್ಲಿತ್ತು. ವೇಗದಲ್ಲಿ ಓಡುವ ಮೋಟಾರ್‌ಸೈಕಲ್ಲು ಮುಖ್ಯವಾಗಿ ಎರಡು ಬಗೆಯಲ್ಲಿ ಅಂಕೆ ತಪ್ಪುತ್ತದೆ. ಒಂದರಲ್ಲಿ ಮುಂಗಾಲಿ ಮತ್ತು ಹ್ಯಾಂಡಲು ಮಾತ್ರ ಚಳಿಜ್ವರ ಬಂದಂತೆ ಥರಥರ ಅದುರುತ್ತವೆ, ಸೆಕೆಂಡಿಗೆ ಆರೇಳು ಬಾರಿಯೋ ಇನ್ನೂ ಹೆಚ್ಚೋ. ಇಂಗ್ಲಿಷಿನವರು ಇದನ್ನು ವಾಬಲ್ ಎನ್ನುತ್ತಾರೆ. ಇನ್ನೊಂದರಲ್ಲಿ ಇಡೀ ಗಾಡಿ, ಸವಾರನ ಸಮೇತ, ಸೆಕೆಂಡಿಗೆ ಎರಡು ಮೂರು ಬಾರಿ ನಿಧಾನವಾಗಿ ಎಡಬಲಕ್ಕೆ ವಾಲುತ್ತ, ಬಾಲ ಬೀಸುತ್ತ ಸಾಗುತ್ತದೆ. ಇದು ವೀವ್. ವೇಗ ಹೆಚ್ಚಿದಷ್ಟೂ ಇದು ಬಲಿಯುತ್ತದೆ. ಮೊದಲನೆಯದಕ್ಕೆ ಕಾರಣವನ್ನು ಹೆಚ್ಚಾಗಿ ಮುಂಭಾಗದಲ್ಲಿ ಹುಡುಕಬೇಕು: ಸಡಿಲಾದ ಕೋನ್ ಸೆಟ್, ಸಮತೂಕವಿಲ್ಲದ ಮುಂಗಾಲಿ, ಸವೆದ ಬೇರಿಂಗು. ಎರಡನೆಯದಕ್ಕೆ ಹಿಂಭಾಗದಿಂದ ಹೊರಡುವುದು ಒಳ್ಳೆಯದು. ಕನ್ನಡದಲ್ಲಿ ಒಂದು ನಡುಗುವುದು, ಇನ್ನೊಂದು ತೂಗುವುದು. ಅಡ್ಡಹೆಸರಿಟ್ಟು ಕಲಿಸಬೇಕಾದ ಭೇದವೇ ಅಲ್ಲ, ಮನೆಯ ಮಾತಿನಲ್ಲಿಯೇ ಇದೆ.

ಈ ವಿಷಯದ ಗಣಿತ ಹಳೆಯದು. ಸೈಕಲ್ಲಿನ ಚಲನೆಯ ಸಮೀಕರಣಗಳನ್ನು ಇಂಗ್ಲೆಂಡಿನ ಫ್ರಾನ್ಸಿಸ್ ವಿಪ್ಪಲ್ 1899ರಲ್ಲಿಯೇ ಬರೆದ. ಮೋಟಾರ್‌ಸೈಕಲ್ಲಿಗೆ ಟಾಯರಿನ ಪಾರ್ಶ್ವಬಲವನ್ನು ಸೇರಿಸಿ, ವೀವ್ ಮತ್ತು ವಾಬಲ್‌ಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತೋರಿಸಿದವರು ರಾಬಿನ್ ಶಾರ್ಪ್, 1971ರಲ್ಲಿ. ಆ ಲೆಕ್ಕಗಳಿಂದ ನನಗೆ ಉಪಯೋಗಕ್ಕೆ ಬಂದ ತಿಳಿವಳಿಕೆ ಒಂದೇ. ಈ ತೂಗಾಟ ಯಾವುದೋ ಒಂದು ಭಾಗದ ರೋಗವಲ್ಲ. ಗಾಡಿ, ಟಾಯರು, ಸವಾರ, ಹೊರೆ ಎಲ್ಲ ಸೇರಿ ಆದ ವ್ಯವಸ್ಥೆಯ ಸ್ವಭಾವ. ಒಳ್ಳೆಯ ಗಾಡಿಯಲ್ಲಿಯೂ ಅದು ಇರುತ್ತದೆ, ಆದರೆ ಎದ್ದ ಕೂಡಲೇ ತಾನಾಗಿ ಅಡಗುತ್ತದೆ. ಕೆಟ್ಟ ಗಾಡಿಯಲ್ಲಿ ಅಡಗುವುದಿಲ್ಲ, ಅಷ್ಟೆ.

ಆದ್ದರಿಂದ ‘ಅಪರಾಧಿ ಯಾರು’ ಎಂದು ಹುಡುಕುವ ಗ್ಯಾರೇಜಿನ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಅವರು ಬಿಗಿ ಮಾಡಿದ ಕೋನ್ ಸೆಟ್ಟನ್ನೇ ನೋಡಿ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂಗಾಲಿ ನೆಲ ಬಿಡುವಂತೆ ಮಾಡಿ, ಹ್ಯಾಂಡಲನ್ನು ಬೆರಳಿನಿಂದ ತಟ್ಟಿದರೆ ಅದು ತನ್ನ ಭಾರದಿಂದಲೇ ಪಕ್ಕಕ್ಕೆ ಹೊರಳಬೇಕು. ಇಲ್ಲಿ ನಟ್ಟನಡುವೆ ಸಿಕ್ಕಿಕೊಂಡು ನಿಂತಿತ್ತು. ಓಡುವ ಬೈಕು ನೆಟ್ಟಗಿರುವುದು ಮುಂಗಾಲಿ ಕ್ಷಣಕ್ಷಣಕ್ಕೂ, ನಮ್ಮ ಅರಿವಿಗೆ ಬಾರದಷ್ಟು, ವಾಲಿದ ಕಡೆಗೆ ತಿರುಗಿ ತಿದ್ದಿಕೊಳ್ಳುವುದರಿಂದ. ಆ ಸ್ವಾತಂತ್ರ್ಯವನ್ನು ಕಿತ್ತುಕೊಂಡರೆ ಅದು ಕುಡಿದವನಂತೆ ನಡೆಯುತ್ತದೆ. ನಡುಕದ ಮದ್ದನ್ನು ತೂಗಾಟಕ್ಕೆ ಕೊಟ್ಟಿದ್ದರು.

ಹಿಂಗಾಲಿಯ ಕಡೆ ಬಂದೆವು. ಟಾಯರಿನಲ್ಲಿ 24 ಪೌಂಡು ಗಾಳಿ. ಹೊರೆಯಿರುವಾಗ ಅದರ ಪುಸ್ತಕ ಹೇಳುವುದು 32. ಗಾಳಿಯನ್ನು ತಣ್ಣಗಿನ ಟಾಯರಿನಲ್ಲಿ ಅಳೆಯಬೇಕು, ಪಂಪಿನವನ ಮೀಟರನ್ನು ನಂಬಬಾರದು. ಮೇಲಾಗಿ ಹೆದ್ದಾರಿಯಲ್ಲಿ ನೇರಕ್ಕೆ ಓಡಿ ಓಡಿ ಟಾಯರಿನ ನಡುಭಾಗ ಚಪ್ಪಟೆಯಾಗಿತ್ತು. ಸ್ಪೋಕುಗಳನ್ನು ಪಾನೆಯಿಂದ ಒಂದೊಂದಾಗಿ ಬಡಿದು ಕೇಳಿದೆ. ಬಿಗಿಯಾದದ್ದು ಠಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ದಬ್ ಎನ್ನುತ್ತದೆ. ಧಾರವಾಡದ ಹುಡುಗನಿಗೆ ಬೇಸೂರನ್ನು ತೋರಿಸಿಕೊಡಬೇಕಾಗಲಿಲ್ಲ. ಎರಡನ್ನು ಅವನೇ ಹಿಡಿದ. ಚೇನಿನ ಪಕ್ಕದ ಗೆರೆಗುರುತುಗಳನ್ನು ನೆಚ್ಚದೆ, ಗೌಂಡಿಗಳ ಹಾಗೆ ಹಿಂಗಾಲಿಯಿಂದ ಮುಂಗಾಲಿಯವರೆಗೆ ಎರಡೂ ಬದಿಗೆ ದಾರ ಎಳೆದು ನೋಡಿದೆವು. ಎರಡು ಗಾಲಿಗಳೂ ಒಂದೇ ಸಾಲಿನಲ್ಲಿದ್ದವು. ಕೊನೆಗೆ ಹಿಂಗಾಲಿಯನ್ನು ಎರಡೂ ಕೈಯಿಂದ ಹಿಡಿದು ಅಡ್ಡಡ್ಡ ಅಲುಗಿಸಿದಾಗ ಒಳಗೆಲ್ಲೋ ಟಕ್ ಎಂದಿತು. ಗಾಲಿಯ ಬೇರಿಂಗಲ್ಲ. ಗಾಲಿಯನ್ನು ಹಿಡಿದಿರುವ, ಇಲ್ಲಿಯವರು ಚಿಮ್ಟಾ ಎನ್ನುವ ಕವಲುತೋಳಿನ ಬುಶ್ ಸವೆದಿತ್ತು. ದಾರ ಕಟ್ಟಿದಾಗ ನೆಟ್ಟಗೆ ಕಂಡ ಗಾಲಿ, ಗಾಳಿ ಬಡಿದಾಗ ನೆಟ್ಟಗೆ ಉಳಿಯುತ್ತಿರಲಿಲ್ಲ.

ಇಷ್ಟಾದರೂ ಒಂದು ಒಗಟು ಉಳಿದಿತ್ತು. ಹೋಗುವಾಗ ಅಷ್ಟಾಗಿ ತೂಗದ ಗಾಡಿ ಬರುವಾಗಲೇ ಏಕೆ ತೂಗುತ್ತಿತ್ತು? ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರುವಾಗ ಅವ್ವ ಡಬ್ಬಿ ತುಂಬಿ ಕೊಡ್ತಾಳಲ್ಲ’ ಎಂದ.

ಹಿಂಬದಿಯ ಕ್ಯಾರಿಯರಿನ ಮೇಲೆ ಅವನೊಂದು ಪೆಟ್ಟಿಗೆ ಹಾಕಿಸಿದ್ದ. ಹೋಗುವಾಗ ಅದರಲ್ಲಿ ಎರಡು ಅಂಗಿ. ಬರುವಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಉಪ್ಪಿನಕಾಯಿಯ ಭರಣಿ, ಜೋಳದ ಹಿಟ್ಟಿನ ಚೀಲ. ಭರಣಿ ಸಹಿತ ತೂಗಿ ನೋಡಿದಾಗ 14 ಕಿಲೋ. ಆ ಭಾರವೆಲ್ಲ ಹಿಂಗಾಲಿಯ ಅಚ್ಚಿಗಿಂತಲೂ ಹಿಂದೆ, ಎತ್ತರದಲ್ಲಿ. ಹಿಂಭಾರವಾದ ಚಕ್ಕಡಿಯ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುವುದನ್ನು ಬಲ್ಲವರಿಗೆ ಮುಂಗಾಲಿ ಹಗುರಾಗುವ ಪರಿಯನ್ನು ವಿವರಿಸಬೇಕಿಲ್ಲ. ಜೊತೆಗೆ, ಬಾಲದ ತುದಿಗೆ ಕಟ್ಟಿದ ಭಾರ ಒಮ್ಮೆ ಬೀಸತೊಡಗಿದರೆ ನಿಲ್ಲುವುದು ಕಷ್ಟ.

ರವಿವಾರ ನಸುಕಿನಲ್ಲಿ ಖೇಡ ಶಿವಾಪುರದಿಂದ ಶಿರವಳದವರೆಗೆ ಪರೀಕ್ಷೆ ನಡೆಸಿದೆವು. ಅವನು ಬೈಕಿನ ಮೇಲೆ, ನಾನು ನೆರೆಯವರ ಕಾರಿನಲ್ಲಿ ಹಿಂದೆ, ಸಾಕಷ್ಟು ಅಂತರ ಬಿಟ್ಟು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ನನ್ನ ಕರಾರು. ಎಲ್ಲವನ್ನೂ ಒಮ್ಮೆಗೇ ತಿದ್ದಿದರೆ ಯಾವುದು ಎಷ್ಟು ಕೆಡಿಸಿತ್ತೆಂಬುದು ಎಂದಿಗೂ ತಿಳಿಯುವುದಿಲ್ಲ. ಕೋನ್ ಸೆಟ್ಟನ್ನು ಹದಕ್ಕೆ ತಂದಾಗ ನೇರ ಹಿಡಿಯುವುದು ಸುಲಭವಾಯಿತು, ತೂಗಾಟ ಉಳಿಯಿತು. ಪೆಟ್ಟಿಗೆಗೆ ಮರಳು ತುಂಬಿ 14 ಕಿಲೋ ಮಾಡಿದಾಗ, 75ರ ವೇಗದಲ್ಲಿ ಆ ಪೆಟ್ಟಿಗೆ ನನ್ನ ಕಣ್ಣೆದುರು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿತು. ಅದು ಮೂರೇ ಬೀಸು. ಅವನ ಬೆನ್ನು ಸೆಟೆದದ್ದು ಕಾರಿನಿಂದಲೂ ಕಂಡಿತು. ಹೊರಡುವ ಮೊದಲೇ ಹೇಳಿಟ್ಟಿದ್ದೆ: ಹ್ಯಾಂಡಲನ್ನು ಬಿಗಿಹಿಡಿಯಬೇಡ, ಬ್ರೇಕ್ ಒತ್ತಬೇಡ, ಮೊಣಕಾಲಿನಿಂದ ಟ್ಯಾಂಕನ್ನು ಅವುಚಿ, ಮೈಯನ್ನು ಮುಂದಕ್ಕೆ ಬಾಗಿಸಿ, ಆಕ್ಸಿಲರೇಟರನ್ನು ಮೆಲ್ಲಗೆ ಬಿಡು. ಹಾಗೆಯೇ ಮಾಡಿದ. ನನ್ನ ನೆರೆಯವರು ರಸ್ತೆಯ ಮೇಲೆ ಕಣ್ಣಿಟ್ಟು ಒಂದೂ ಮಾತಾಡಲಿಲ್ಲ.

ಗಾಳಿ ಸರಿಮಾಡಿದಾಗ ಅದು ಅರ್ಧಕ್ಕಿಳಿಯಿತು. ಮುಂದಿನ ವಾರ ಬುಶ್ ಬದಲಿಸಿದ ಮೇಲೆ, ಖಾಲಿ ಪೆಟ್ಟಿಗೆಯೊಡನೆ, ಹೆದ್ದಾರಿಯಲ್ಲಿ ದ್ವಿಚಕ್ರಗಳಿಗಿರುವ 80ರ ಮಿತಿಯವರೆಗೂ ಗಾಡಿ ನೂಲು ಹಿಡಿದಂತೆ ಹೋಯಿತು. ಆದರೆ ಮರಳಿನ ಪೆಟ್ಟಿಗೆ ಮತ್ತೆ ಏರಿದಾಗ, 80ರ ಹತ್ತಿರ, ಮೆಲ್ಲಗೆ ಮತ್ತೆ ತಲೆಯೆತ್ತಿತು. ಟಾಯರನ್ನು ಬದಲಿಸುವುದು ಹೇಗೂ ಇತ್ತು. ಉಳಿದದ್ದು ವೈನಿಯ ಡಬ್ಬಿ.

ಅವನು ತಾನು ಹೇಳಲಾರೆನೆಂದ. ಕರಾಡದ ಪ್ರಸಂಗವನ್ನು ಮುಚ್ಚಿಟ್ಟು ಡಬ್ಬಿಯನ್ನು ಮಾತ್ರ ಬೇಡವೆನ್ನುವುದು ಹೇಗೆ? ನಾನೇ ಫೋನು ಮಾಡಿದೆ, ಎರಡನ್ನೂ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ದನಿಯಿರಲಿಲ್ಲ. ಆಮೇಲೆ ವೈನಿ ಕೇಳಿದ್ದು ಒಂದೇ: ‘ಎಷ್ಟ ಕಿಲೋ ನಡೀತದ?’

‘ಮೂರು. ಅದೂ ಪೆಟ್ಟಿಗ್ಯಾಗ ಬ್ಯಾಡ, ಸೀಟಿನ ಮ್ಯಾಲ ಕಟ್ಟಿಕೊಂಡ ಬರ್ತಾನ.’

ಈಗ ಪೆಟ್ಟಿಗೆಯನ್ನು ಬಿಚ್ಚಿಟ್ಟಿದ್ದಾನೆ. ಮೂರು ಕಿಲೋ ಅವನ ಸೀಟಿನ ಮೇಲೆ ಬರುತ್ತದೆ, ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದ್ದು. ಉಳಿದ ಹನ್ನೊಂದು ಕಿಲೋ ರಾತ್ರಿಯ ಬಸ್ಸಿನಲ್ಲಿ ಬರುತ್ತದೆ. ಬೆಳಿಗ್ಗೆ ಆರಕ್ಕೆ ಸ್ವಾರಗೇಟಿಗೆ ಹೋಗಿ ಇಳಿಸಿಕೊಳ್ಳುವ ಕೆಲಸ ನನ್ನದು.